537 ರೂಪಾಯಿ ಕಮ್ಮಿಯಾಗಿ ವಾಪಸ್ ಬಂದ ಚೆಕ್ಕು

2025ರ ಜುಲೈ 2, ಬುಧವಾರ. ಬೆಳಿಗ್ಗೆ ಅಂಗಡಿ ಷಟರ್ ಎತ್ತಿ ಕಸ ಹೊಡೆಯುತ್ತಿದ್ದೆ. ಬೆಂಗಳೂರಿನ ನೋಟ್‌ಬುಕ್ ಡೀಲರ್ ಫೋನ್ ಮಾಡಿದರು. ಹನ್ನೊಂದು ವರ್ಷದಿಂದ ಅವರ ಹತ್ತಿರವೇ ಮಾಲು ತರಿಸುತ್ತಿದ್ದೇನೆ.

"ಮೇಡಂ, ನಿಮ್ಮ ಚೆಕ್ ರಿಟರ್ನ್ ಆಗಿದೆಯಲ್ಲಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಆಶ್ಚರ್ಯ ಇತ್ತು. ಅದೇ ನನಗೆ ಜಾಸ್ತಿ ಚುಚ್ಚಿತು. ಹನ್ನೊಂದು ವರ್ಷದಲ್ಲಿ ನನ್ನ ಒಂದು ಚೆಕ್ಕೂ ವಾಪಸ್ ಹೋಗಿರಲಿಲ್ಲ. ಪೊರಕೆ ಅಲ್ಲೇ ಬಿಟ್ಟು ಗಲ್ಲಾದ ಮುಂದೆ ಕೂತೆ. ಕೈ ನಡುಗುತ್ತಿತ್ತು.

ನಮ್ಮದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಸಣ್ಣ ಸ್ಟೇಷನರಿ ಅಂಗಡಿ. ಲಾಂಗ್ ಬುಕ್, ಕಿಂಗ್ ಸೈಜ್, ಡ್ರಾಯಿಂಗ್ ಶೀಟ್, ಕಂಪಾಸ್ ಬಾಕ್ಸ್, ಬೈಂಡ್ ಹಾಕುವ ಬ್ರೌನ್ ಪೇಪರ್. ವರ್ಷದ ವ್ಯಾಪಾರದಲ್ಲಿ ಅರ್ಧಕ್ಕರ್ಧ ಮೇ ಕೊನೆಯ ವಾರದಿಂದ ಜೂನ್ ಮುಗಿಯುವಷ್ಟರಲ್ಲಿ ಆಗಿಬಿಡುತ್ತದೆ. ಅಷ್ಟು ಮಾಲನ್ನು ಏಪ್ರಿಲ್‌ನಲ್ಲೇ ತುಂಬಿಸಿಕೊಳ್ಳಬೇಕು. ಕೈಯಲ್ಲಿ ಅಷ್ಟು ದುಡ್ಡು ಇರುವುದಿಲ್ಲ. ಅದಕ್ಕೇ ಬ್ಯಾಂಕಿನಲ್ಲಿ 5 ಲಕ್ಷದ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲ, ಮಾಡಿಸಿಕೊಂಡಿದ್ದೇನೆ. ಅವರು ಕಾಗದದಲ್ಲಿ ಕ್ಯಾಶ್ ಕ್ರೆಡಿಟ್ ಅಂತ ಬರೆಯುತ್ತಾರೆ. ನಮ್ಮ ಸಾಲಿನ ಅಂಗಡಿಯವರೆಲ್ಲ ಓಡಿ ಅಂತಲೇ ಕರೆಯುವುದು, ನಾನೂ ಹಾಗೇ ಬರೆಯುತ್ತೇನೆ.

ಓಡಿ ಇಲ್ಲದವರಿಗೆ ಎರಡು ಮಾತು. 5 ಲಕ್ಷ ಅಂದರೆ ಅದು ಮಿತಿ. ಬೇಕಾದಾಗ ತೆಗೆಯಬಹುದು, ವ್ಯಾಪಾರ ಆದ ಹಾಗೆ ಕಟ್ಟಬಹುದು. ಎಷ್ಟು ಬಳಸಿದ್ದೇವೋ ಅಷ್ಟಕ್ಕೆ ಮಾತ್ರ ಬಡ್ಡಿ, ಅದೂ ದಿನದ ಲೆಕ್ಕದಲ್ಲಿ. ನನಗೆ ಶೇ. 11.5. ಅಂದರೆ 3 ಲಕ್ಷ ಬಳಸಿದರೆ ದಿನಕ್ಕೆ 94 ರೂಪಾಯಿ 50 ಪೈಸೆ. ತಿಂಗಳ ಕೊನೆಯ ದಿನ ಆ ಬಡ್ಡಿಯನ್ನು ಬ್ಯಾಂಕೇ ಖಾತೆಯಿಂದ ಮುರಿದುಕೊಳ್ಳುತ್ತದೆ. ಇದಕ್ಕೆ ಬದಲಾಗಿ ನಾನು ಪ್ರತಿ ತಿಂಗಳು 10ನೇ ತಾರೀಕಿನೊಳಗೆ ಅಂಗಡಿಯಲ್ಲಿ ಎಷ್ಟು ಮಾಲಿದೆ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಅಂತ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಸಾಲಕ್ಕೆ ಆ ಮಾಲೇ ಆಧಾರ.

ಜೂನ್ 30ರಂದು ನನ್ನ ಖಾತೆಯಲ್ಲಿ ಮಿತಿ ಮುಟ್ಟಲು ಇನ್ನೂ 23,000 ರೂಪಾಯಿ ಜಾಗ ಇತ್ತು. ಬಡ್ಡಿಯನ್ನು ನಾನೇ ದಿನದ ಲೆಕ್ಕ ಹಾಕಿ ನೋಡಿದ್ದೆ, 4,652. ಡೀಲರ್‌ಗೆ ಕೊಟ್ಟ ಚೆಕ್ 18,000. ಎರಡೂ ಹೋದರೂ 348 ರೂಪಾಯಿ ಉಳಿಯಬೇಕು. ಕೂದಲೆಳೆಯ ಲೆಕ್ಕ ಅನ್ನಿಸಬಹುದು. ಆದರೆ ಸೀಸನ್‌ನಲ್ಲಿ ಸಣ್ಣ ಅಂಗಡಿ ನಡೆಯುವುದೇ ಹೀಗೆ.

ಚೆಕ್ ಹೇಗೆ ವಾಪಸ್ ಬಂತು? ಅಂದು ಮೊದಲ ಸಲ ಸ್ಟೇಟ್‌ಮೆಂಟ್‌ನ ಒಂದೊಂದು ಸಾಲಿಗೂ ಸ್ಕೇಲ್ ಇಟ್ಟು ಓದಿದೆ. ಜೂನ್ 30, ಬಡ್ಡಿ 4,652. ಸರಿ. ಅದರ ಕೆಳಗೆ ಇನ್ನೊಂದು ಸಾಲು. ಮೊದಲು ಅರ್ಥವಾಗದ ನಾಲ್ಕೈದು ಇಂಗ್ಲಿಷ್ ಅಕ್ಷರ, ಮುಂದೆ 750. ಅದರ ಕೆಳಗೆ ಜಿಎಸ್‌ಟಿ 135. ಒಟ್ಟು 885. ಹಾಗಾಗಿ ಜುಲೈ 1ರಂದು ಚೆಕ್ ಬಂದಾಗ ಖಾತೆಯಲ್ಲಿ ಸಿಗುತ್ತಿದ್ದದ್ದು 17,463. 537 ರೂಪಾಯಿ ಕಮ್ಮಿ.

ಹಿಂದಿನ ತಿಂಗಳು ನೋಡಿದೆ. ಅಲ್ಲೂ 885. ಅದರ ಹಿಂದಿನ ತಿಂಗಳೂ ಅಷ್ಟೇ. 2024ರ ಅಕ್ಟೋಬರ್‌ವರೆಗೆ ಹಿಂದಕ್ಕೆ ಹೋದೆ. ಒಂಬತ್ತು ತಿಂಗಳು, ತಿಂಗಳಿಗೆ 885, ಒಟ್ಟು 7,965 ರೂಪಾಯಿ. ಖಾತೆಯಲ್ಲಿ ಜಾಗ ಇದ್ದಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಬಡ್ಡಿಯ ದಿನವೇ ಮುರಿಯುತ್ತಿದ್ದರಲ್ಲ, ಮೊಬೈಲಿಗೆ ಬಂದ ಮೆಸೇಜ್‌ನಲ್ಲಿ ಕೊನೆಯ ಮೊತ್ತ ಮಾತ್ರ ನೋಡಿ ಸುಮ್ನೆ ಆಗುತ್ತಿದ್ದೆ.

ಅದೇ ದಿನ ಮಧ್ಯಾಹ್ನ ಬ್ಯಾಂಕಿಗೆ ಹೋದೆ. ಲೋನ್ ಕೌಂಟರ್‌ನ ಹುಡುಗ ಕಂಪ್ಯೂಟರ್ ನೋಡಿ ಹೇಳಿದ. "ನೀವು ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟಿಲ್ಲ ಮೇಡಂ. ಅದಕ್ಕೆ ಪೀನಲ್ ಚಾರ್ಜ್." ಅಂದರೆ ದಂಡ.

"ಪ್ರತಿ ತಿಂಗಳು ಕೊಟ್ಟಿದ್ದೀನಲ್ಲಪ್ಪಾ, ಇದೇ ಟೇಬಲ್ ಮೇಲೆ."

"ಸಿಸ್ಟಮ್‌ನಲ್ಲಿ ಇಲ್ಲ ಮೇಡಂ. ಚಾರ್ಜ್ ಹಾಕೋದೂ ಸಿಸ್ಟಮೇ. ನಮ್ಮ ಕೈಯಲ್ಲಿ ಏನಿಲ್ಲ."

ನನಗೆ ತಕ್ಷಣ ನೆನಪಾದದ್ದು ಅಪ್ಪಾಜಿ. ಅವರು ಇಲ್ಲಿನ ಕಾಟನ್ ಮಿಲ್ಲೊಂದರಲ್ಲಿ ಗುಮಾಸ್ತರಾಗಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದವರು. ಮಿಲ್ ಬಾಗಿಲು ಹಾಕಿದಾಗ ಎಷ್ಟೋ ಜನ ತಮಗೆ ಬರಬೇಕಾದ ಬಾಕಿಗೆ ಕಾಗದವಿಲ್ಲದೆ ಒದ್ದಾಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ನಾನು ಅಂಗಡಿ ಇಟ್ಟ ದಿನ ಅವರು ಹೇಳಿದ್ದು ಒಂದೇ: "ಯಾರಿಗೆ ಯಾವ ಕಾಗದ ಕೊಟ್ಟರೂ ಇನ್ನೊಂದು ಪ್ರತಿ ಮೇಲೆ ಸೀಲು, ತಾರೀಕು ಹಾಕಿಸ್ಕೋ ತಾಯಿ. ಮುಜುಗರ ಪಟ್ಕೋಬೇಡ." ಹಾಗಾಗಿ ನನ್ನ ಹತ್ತಿರ ಒಂದು ಬಾಕ್ಸ್ ಫೈಲ್ ಇದೆ. ಮನೆಗೆ ಬಂದು ಅದನ್ನು ತೆರೆದೆ. ಒಂಬತ್ತರಲ್ಲಿ ಏಳು ತಿಂಗಳ ಪ್ರತಿಯ ಮೇಲೆ ಬ್ಯಾಂಕಿನ ದುಂಡು ಸೀಲು ಇತ್ತು. ಅಳು ಬಂತು. ಸಮಾಧಾನದ ಅಳು.

ಎರಡು ತಿಂಗಳದ್ದು ಇರಲಿಲ್ಲ. 2025ರ ಜನವರಿ ಮತ್ತು ಮಾರ್ಚ್. ಆ ಎರಡು ಸಲ ನನಗೆ ಹುಷಾರಿರಲಿಲ್ಲ, ಅಂಗಡಿ ಹುಡುಗನ ಕೈಲಿ ಕಳಿಸಿದ್ದೆ. ಅವನು ಕೊಟ್ಟು ಬಂದಿದ್ದ, ಸೀಲು ಹಾಕಿಸಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು ಬೇಡ ಅಂದರು. "ಎಂಟು ಸಾವಿರಕ್ಕೆ ಯಾಕೆ ಜಗಳ? ಓಡಿ ಕೊಟ್ಟಿರೋದೇ ದೊಡ್ಡದು. ನಾಳೆ ರಿನ್ಯೂವಲ್‌ಗೆ ಹೋದಾಗ ಆ ಕಾಗದ ತಾ, ಈ ಕಾಗದ ತಾ ಅಂತ ಆರು ತಿಂಗಳು ಅಲೆಸ್ತಾರೆ." ಅವರದ್ದು ಸುಳ್ಳು ಭಯ ಅಲ್ಲ. ಅಶೋಕ ರಸ್ತೆಯ ಅಂಗಡಿಯವರನ್ನು ಕೇಳಿ, ಮಂಡಿಪೇಟೆಯಲ್ಲಿ ಕೇಳಿ. ಎಲ್ಲರೂ ಇದನ್ನೇ ಹೇಳುತ್ತಾರೆ. ಮ್ಯಾನೇಜರ್ ಎದುರು ಎಲ್ಲರ ದನಿಯೂ ತಗ್ಗುತ್ತದೆ.

ನಾನೂ ಅರ್ಧ ಮನಸ್ಸು ಮಾಡಿ ಸುಮ್ಮನಾಗುತ್ತಿದ್ದೆನೇನೋ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಹಿಂದಿನ ಆರ್ಥಿಕ ವರ್ಷದ ಬಡ್ಡಿಯನ್ನೆಲ್ಲ ಕೂಡಿದೆ. 44,800 ರೂಪಾಯಿ ಬಂತು. ಒಂದು ದಿನ ತಪ್ಪದೆ ಕಟ್ಟಿದ್ದೇನೆ. ಹಾಗಾದರೆ ಇದು ಅವರು ನನಗೆ ಮಾಡಿದ ಉಪಕಾರ ಹೇಗಾಯಿತು? ಡೀಲರ್ ನನಗೆ ನೋಟ್‌ಬುಕ್ ಮಾರುತ್ತಾರೆ, ನಾನು ದುಡ್ಡು ಕೊಡುತ್ತೇನೆ. ಅವರು ನೂರು ಬುಕ್ಕಿನ ಕಟ್ಟಿನಲ್ಲಿ ತೊಂಬತ್ತೈದು ಇಟ್ಟು ಕಳಿಸಿದರೆ ನಾನು ಫೋನ್ ಮಾಡಿ ಕೇಳುತ್ತೇನೆ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಬ್ಯಾಂಕ್ ನನಗೆ ದುಡ್ಡಿನ ಬಳಕೆಯನ್ನು ಮಾರುತ್ತಿದೆ. ಲೆಕ್ಕ ತಪ್ಪಿದರೆ ಅಲ್ಲೂ ಕೇಳಬೇಕಲ್ವಾ? ಇದು ಹೊಳೆದ ಮೇಲೆ ನನ್ನ ಹೆದರಿಕೆ ಅರ್ಧ ಇಳಿಯಿತು.

ಮರುದಿನ ನಮ್ಮ ಲೆಕ್ಕ ನೋಡುವ ಆಡಿಟರ್ ಹತ್ತಿರ ಹೋದೆ. ಅವರಿಂದ ಕಲಿತದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸಾಲ ಇರುವ ಎಲ್ಲರಿಗೂ ಇದು ಬೇಕು.

ಮೊದಲೆಲ್ಲ ಬ್ಯಾಂಕುಗಳು ಇಂಥ ತಪ್ಪಿಗೆ ದಂಡದ ಬಡ್ಡಿ ಹಾಕುತ್ತಿದ್ದವು. ನಿಗದಿ ಬಡ್ಡಿಯ ಮೇಲೆ ಇನ್ನೊಂದೆರಡು ಪರ್ಸೆಂಟ್ ಸೇರಿಸುವುದು, ಅದು ಅಸಲಿಗೆ ಕೂಡುವುದು, ಅದಕ್ಕೆ ಮತ್ತೆ ಬಡ್ಡಿ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಒಂದು ಸುತ್ತೋಲೆ ಹೊರಡಿಸಿ ಇದನ್ನು ನಿಲ್ಲಿಸಿತು. ದಂಡ ಇರುವುದು ಸಾಲಗಾರರಲ್ಲಿ ಶಿಸ್ತು ಬರಲಿ ಅಂತ, ಬ್ಯಾಂಕಿನ ವರಮಾನ ಹೆಚ್ಚಿಸಿಕೊಳ್ಳಲು ಅಲ್ಲ ಅಂತ ಅದರಲ್ಲಿ ನೇರವಾಗಿಯೇ ಹೇಳಿದೆ. ದಂಡವನ್ನು ದಂಡ ಅಂತಲೇ ಹಾಕಬೇಕು, ಬಡ್ಡಿಗೆ ಸೇರಿಸಬಾರದು. ಆ ದಂಡದ ಮೇಲೆ ಮತ್ತೆ ಬಡ್ಡಿ ಲೆಕ್ಕ ಹಾಕಬಾರದು. ಎಷ್ಟು ದಂಡ, ಯಾಕೆ ಅನ್ನುವುದು ಸಾಲದ ಒಪ್ಪಂದದಲ್ಲಿ ಇರಬೇಕು. ದಂಡ ಹಾಕಿದಾಗ ಹಾಕಿದ್ದೇವೆ, ಇಂಥ ಕಾರಣಕ್ಕೆ ಅಂತ ಗ್ರಾಹಕರಿಗೆ ತಿಳಿಸಬೇಕು. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹಳೆಯ ಸಾಲಗಳನ್ನು 2024ರ ಜೂನ್ 30ರೊಳಗೆ ಈ ಪದ್ಧತಿಗೆ ತರಬೇಕಿತ್ತು.

ನನ್ನ ಖಾತೆಯಲ್ಲಿ ಏನಾಗಿತ್ತು? ದಂಡ ಯಾಕೆ ಅಂತ ಒಂದು ಸಾಲಿನ ಮೆಸೇಜ್ ಕೂಡ ಬಂದಿರಲಿಲ್ಲ. 885 ಮುರಿದ ದಿನದಿಂದ ಅದು ನನ್ನ ಓಡಿ ಬಾಕಿಯಲ್ಲಿ ಸೇರಿಕೊಂಡು ಅದಕ್ಕೂ ಶೇ. 11.5 ಬಡ್ಡಿ ಓಡುತ್ತಿತ್ತು. ಮೊತ್ತ ಸಣ್ಣದು. ಅಕ್ಟೋಬರ್‌ದು ಹತ್ತು ತಿಂಗಳು, ನವೆಂಬರ್‌ದು ಒಂಬತ್ತು, ಹೀಗೆ ಆಗಸ್ಟ್ ಕೊನೆಯವರೆಗೆ ಲೆಕ್ಕ ಹಾಕಿದರೆ 458 ರೂಪಾಯಿ. ಸಣ್ಣದಾದರೂ ಹಾಕುವಂತಿಲ್ಲ.

ಆಡಿಟರ್ ಹೇಳಿದ ಇನ್ನೊಂದು ವಿಷಯ ನನಗೆ ಪೂರ್ತಿ ಹೊಸದು. ಸಾಲದ ಷರತ್ತು ಪಾಲಿಸದ್ದಕ್ಕೆ ಬ್ಯಾಂಕ್ ಹಾಕುವ ಇಂಥ ದಂಡಕ್ಕೆ ಜಿಎಸ್‌ಟಿ ಇಲ್ಲ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ಇದರ ಮಾತಾಗಿ, 2025ರ ಜನವರಿ 28ರಂದು ಕೇಂದ್ರದ ತೆರಿಗೆ ಇಲಾಖೆ ಸುತ್ತೋಲೆ ಹೊರಡಿಸಿ ಸ್ಪಷ್ಟ ಮಾಡಿದೆ. ನನ್ನಿಂದ ಜೂನ್‌ವರೆಗೂ ತಿಂಗಳಿಗೆ 135 ಮುರಿದಿದ್ದರು. ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಪೀನಲ್ ಅನ್ನುವ ಸಾಲಿನ ಕೆಳಗೆ ಜಿಎಸ್‌ಟಿ ಇದ್ದರೆ ದಯವಿಟ್ಟು ನೋಡಿಕೊಳ್ಳಿ.

ಜುಲೈ 14, ಸೋಮವಾರ ಪತ್ರ ಕೊಟ್ಟೆ. ಕನ್ನಡದಲ್ಲೇ ಬರೆದೆ. ಇಂಗ್ಲಿಷ್‌ನಲ್ಲಿ ಬರೆಸು ಅಂತ ಹೇಳಿದವರಿದ್ದರು. ನನ್ನ ಮಾತು ನನಗೆ ಗಟ್ಟಿಯಾಗಿ ಬರುವುದು ಕನ್ನಡದಲ್ಲಿ. ಬೈದಾಟ ಇಲ್ಲದೆ, ಬೇಡಿಕೊಳ್ಳುವುದೂ ಇಲ್ಲದೆ ಒಂದೂವರೆ ಪುಟ. ಅದರ ಮುಖ್ಯ ಭಾಗ ಹೀಗಿತ್ತು:

"2024ರ ಅಕ್ಟೋಬರ್‌ನಿಂದ 2025ರ ಜೂನ್‌ವರೆಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟಿಲ್ಲವೆಂದು ನನ್ನ ಖಾತೆಯಿಂದ ಒಟ್ಟು 7,965 ರೂಪಾಯಿ ಮುರಿಯಲಾಗಿದೆ. ನಾನು ಪ್ರತಿ ತಿಂಗಳು ಕೊಟ್ಟಿದ್ದೇನೆ. ನಿಮ್ಮ ಶಾಖೆಯ ಸೀಲು ಇರುವ ಏಳು ಪ್ರತಿಗಳನ್ನು ಲಗತ್ತಿಸಿದ್ದೇನೆ. ಉಳಿದ ಎರಡು ತಿಂಗಳಿಗೆ ನಿಮ್ಮ ಕಡತ ನೋಡಬೇಕೆಂದು ಕೋರುತ್ತೇನೆ. ಈ ಮೊತ್ತ, ಅದರ ಮೇಲೆ ಹಾಕಿದ ಬಡ್ಡಿ, ಇದರಿಂದಲೇ ವಾಪಸಾದ ಚೆಕ್ಕಿಗೆ ಮುರಿದ 590 ರೂಪಾಯಿ ಮತ್ತು ನಾನು ಡೀಲರ್‌ಗೆ ಕಟ್ಟಿಕೊಟ್ಟ 236 ರೂಪಾಯಿಯನ್ನು ನನ್ನ ಖಾತೆಗೆ ಜಮಾ ಮಾಡಬೇಕು. ಆಗದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಬೇಕು."

ಆ 236 ಡೀಲರ್‌ನ ಬ್ಯಾಂಕ್ ಅವರಿಗೆ ಹಾಕಿದ ಚಾರ್ಜ್. ಅವರು ಬೇಡ ಬಿಡಿ ಮೇಡಂ ಅಂದರೂ ನಾನು ಕೊಟ್ಟೆ. ಚೆಕ್ಕಿನ 18,000ವನ್ನು ಎರಡೇ ದಿನದಲ್ಲಿ ಅವರ ಖಾತೆಗೆ ಹಾಕಿದ್ದೆ.

ಕೇಳದೆ ಬಿಟ್ಟದ್ದೂ ಇದೆ. ರಿನ್ಯೂವಲ್ ಹೊತ್ತಿಗೆ ತೆಗೆದುಕೊಂಡ ಪ್ರೊಸೆಸಿಂಗ್ ಫೀ ಜಾಸ್ತಿ ಅನ್ನಿಸಿತ್ತು. ಮಂಜೂರಾತಿ ಪತ್ರ ತೆಗೆದು ನೋಡಿದರೆ ಅಷ್ಟೇ ಬರೆದಿತ್ತು, ಕೆಳಗೆ ನನ್ನ ಸಹಿ ಇತ್ತು. ಒಪ್ಪಿಕೊಂಡದ್ದನ್ನು ಕೇಳಬಾರದು. ಅದನ್ನೂ ಎಳೆದು ತಂದಿದ್ದರೆ ಉಳಿದ ಮಾತಿನ ತೂಕವೂ ಕಮ್ಮಿಯಾಗುತ್ತಿತ್ತು.

ಪತ್ರ ತೆಗೆದುಕೊಂಡ ಆಫೀಸರ್ ಸೀಲು ಹಾಕಲು ಹಿಂದೆಮುಂದೆ ನೋಡಿದರು. "ಇಟ್ಟು ಹೋಗ್ರಿ, ನೋಡ್ತೀವಿ." ನಾನು ಕುರ್ಚಿಯಲ್ಲೇ ಕೂತೆ. "ಸೀಲು ಹಾಕಿಕೊಡಿ ಸರ್, ಹೋಗ್ತೀನಿ." ಇಪ್ಪತ್ತು ನಿಮಿಷ ಆಯಿತು. ಹಾಕಿಕೊಟ್ಟರು. ಅದೇ ಪತ್ರವನ್ನು ಸ್ಕ್ಯಾನ್ ಮಾಡಿ ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಯ ಇಮೇಲ್‌ಗೂ ಕಳಿಸಿದೆ. ಆ ವಿಳಾಸ ಶಾಖೆಯ ನೋಟಿಸ್ ಬೋರ್ಡ್‌ನಲ್ಲೇ ಇತ್ತು. ಇಷ್ಟು ವರ್ಷ ಅದರ ಕೆಳಗೇ ಟೋಕನ್ ಹಿಡಿದು ಕೂತಿದ್ದೇನೆ, ಒಂದು ದಿನವೂ ಓದಿರಲಿಲ್ಲ.

ಆಮೇಲೆ ಮೂರೂವರೆ ವಾರ ಕಾಯುವುದು. ಅದರ ಬಗ್ಗೆ ಬರೆಯುವುದಕ್ಕೆ ಹೆಚ್ಚೇನಿಲ್ಲ. ಎರಡು ಸಲ ಹೋಗಿ ವಿಚಾರಿಸಿದೆ, ಎರಡು ಸಲವೂ ಮೇಲಿಗೆ ಕಳಿಸಿದ್ದೇವೆ ಅಂದರು. ಈ ನಡುವೆ ಜನವರಿ ತಿಂಗಳದ್ದು ಸಿಕ್ಕಿತು. ಹುಡುಗ ಕೊಟ್ಟು ಬಂದ ದಿನ ನಾನು ಅದರ ಫೋಟೋವನ್ನು ಶಾಖೆಯ ಮೊಬೈಲ್‌ಗೆ ವಾಟ್ಸ್‌ಆಪ್ ಮಾಡಿದ್ದೆ. ಎರಡು ನೀಲಿ ಗೆರೆ ಇತ್ತು, ತಾರೀಕು ಇತ್ತು. ಮಾರ್ಚ್‌ಗೆ ಏನೂ ಸಿಗಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ದಿನ, ಆಗಸ್ಟ್ 8ಕ್ಕೆ, ಬ್ಯಾಂಕಿನಿಂದ ಇಮೇಲ್ ಬಂತು. "ಸೌಹಾರ್ದದ ದೃಷ್ಟಿಯಿಂದ" ಎರಡು ತಿಂಗಳ ಚಾರ್ಜ್ 1,770 ರೂಪಾಯಿ ವಾಪಸ್ ಕೊಡುತ್ತೇವೆ, ಇಲ್ಲಿಗೆ ದೂರು ಮುಗಿಯಿತು ಅಂತ. ಮ್ಯಾನೇಜರ್ ಫೋನ್ ಕೂಡ ಮಾಡಿದರು. ಒಳ್ಳೆಯ ಮನುಷ್ಯರೇ, ಮಾತಿನಲ್ಲಿ ಮರ್ಯಾದೆ ಇತ್ತು. "ಒಪ್ಕೊಂಡ್ಬಿಡಿ ಅಮ್ಮ, ನನಗಿರೋ ಅಧಿಕಾರ ಅಷ್ಟೇ."

ನಾನು ಒಪ್ಪಲಿಲ್ಲ. ಯಾಕೆ ಅಂತ ಅವರಿಗೂ ಹೇಳಿದೆ. ಏಳು ತಿಂಗಳ ಸೀಲು ನಿಮ್ಮದೇ. ಎರಡು ತಿಂಗಳದ್ದು ವಾಪಸ್ ಕೊಟ್ಟು ಉಳಿದದ್ದು ಇಟ್ಟುಕೊಂಡರೆ ಆ ಐದು ತಿಂಗಳು ನಾನು ಸುಳ್ಳು ಹೇಳಿದೆ ಅಂತಾಗುತ್ತದೆ. ಸೌಹಾರ್ದ ಅನ್ನುವ ಮಾತೂ ನನಗೆ ಹಿಡಿಸಲಿಲ್ಲ. ನಾನು ಕೇಳಿದ್ದು ನನ್ನ ದುಡ್ಡು.

ಬ್ಯಾಂಕ್ ಉತ್ತರ ತೃಪ್ತಿ ಕೊಡದಿದ್ದರೆ, ಇಲ್ಲವೇ 30 ದಿನವಾದರೂ ಉತ್ತರವೇ ಬರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಮೊದಲು ಬ್ಯಾಂಕಿಗೆ ಬರೆದಿರಲೇಬೇಕು. ಇಲ್ಲದಿದ್ದರೆ ದೂರು ಅಲ್ಲೇ ಬಿದ್ದುಹೋಗುತ್ತದೆ. 2021ರ ನವೆಂಬರ್ 12ರಂದು ಜಾರಿಗೆ ಬಂದ ಯೋಜನೆಯಿಂದ ದೇಶಕ್ಕೆಲ್ಲ ಒಂದೇ ಕಡೆ ದೂರು ಸಲ್ಲಿಸುವ ವ್ಯವಸ್ಥೆ ಬಂತು. ಸಿಎಂಎಸ್ ಅನ್ನುವ ಪೋರ್ಟಲ್, ವಿಳಾಸ ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಒಆರ್‌ಜಿ ಡಾಟ್ ಇನ್. ಫೀಸು ಇಲ್ಲ, ವಕೀಲರು ಬೇಡ. ಕಂಪ್ಯೂಟರ್ ಬಾರದವರು ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. ಮಾಹಿತಿಗೆ 14448 ಅನ್ನುವ ಉಚಿತ ನಂಬರ್ ಇದೆ. ನಾನು ದೂರು ಕೊಟ್ಟಾಗ ಇದ್ದ ನಿಯಮದಂತೆ ಬ್ಯಾಂಕಿನ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕಿತ್ತು. ಅದೇ ವಿಷಯ ಕೋರ್ಟಿನಲ್ಲೋ ಗ್ರಾಹಕರ ಆಯೋಗದಲ್ಲೋ ನಡೆಯುತ್ತಿದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ಗ್ರಾಹಕರ ಆಯೋಗ ನಮ್ಮ ದಾವಣಗೆರೆಯಲ್ಲೇ ಇದೆ. ಆದರೆ ವ್ಯಾಪಾರದ ಖಾತೆ ಅಂದ ಕೂಡಲೇ ನೀವು ಗ್ರಾಹಕರೇ ಅಲ್ಲ ಅಂತ ಬ್ಯಾಂಕಿನವರು ವಾದ ಮಾಡಬಹುದು. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವರಿಗೆ ಕಾನೂನಿನಲ್ಲಿ ರಿಯಾಯಿತಿ ಇದ್ದರೂ ಆ ವಾದಕ್ಕೇ ಸಮಯ ಹೋಗುತ್ತದೆ. ಅದಕ್ಕೇ ಓಂಬುಡ್ಸ್‌ಮನ್ ದಾರಿ ಹಿಡಿದೆ.

ಗಣೇಶನ ಹಬ್ಬ ಮುಗಿಸಿ ಸೆಪ್ಟೆಂಬರ್ 1, ಸೋಮವಾರ ಸಂಜೆ ಮಗಳ ಜೊತೆ ಕೂತು ದೂರು ತುಂಬಿಸಿದೆ. ಒಂದೂಕಾಲು ಗಂಟೆ ಹಿಡಿಯಿತು. ಮೊಬೈಲಿಗೆ ಓಟಿಪಿ ಬರುತ್ತದೆ, ಆಮೇಲೆ ಬ್ಯಾಂಕು, ಶಾಖೆ, ಬ್ಯಾಂಕಿಗೆ ದೂರು ಕೊಟ್ಟ ತಾರೀಕು. ಕಾಗದಗಳನ್ನೆಲ್ಲ ಜೋಡಿಸಿ ಒಂದೇ ಪಿಡಿಎಫ್ ಮಾಡಿದ್ದೆವು. ಮೇಲೊಂದು ಪುಟದಲ್ಲಿ ಪಟ್ಟಿ: ಯಾವ ತಿಂಗಳು, ಸ್ಟೇಟ್‌ಮೆಂಟ್ ಕೊಟ್ಟ ದಿನ, ದಂಡ ಮುರಿದ ದಿನ, ಮೊತ್ತ, ಸಾಕ್ಷಿ ಎಷ್ಟನೇ ಪುಟದಲ್ಲಿದೆ. ಮಾರ್ಚ್ ಎದುರು "ಸಾಕ್ಷಿ ಇಲ್ಲ" ಅಂತ ನಾನೇ ಬರೆದೆ. ಮಗಳು ಯಾಕಮ್ಮಾ ಅಂದಳು. ಇಲ್ಲದ್ದು ಇಲ್ಲ, ಉಳಿದ ಎಂಟನ್ನು ಅವರು ನಂಬಬೇಕಲ್ವಾ ಅಂದೆ. ಒಟ್ಟು ಕೇಳಿದ್ದು 9,249 ರೂಪಾಯಿ.

ಹತ್ತು ದಿನದ ಮೇಲೆ ಬ್ಯಾಂಕಿನ ಪ್ರಾದೇಶಿಕ ಕಚೇರಿಯಿಂದ ಫೋನ್. ಈ ಸಲ ಸಿಸ್ಟಮ್ ಮಾಡಿದ್ದು ಅನ್ನುವ ಮಾತು ಬರಲಿಲ್ಲ. ಶಾಖೆಯ ಫೈಲಿನಲ್ಲಿ ನನ್ನ ಸ್ಟೇಟ್‌ಮೆಂಟ್‌ಗಳು ಇದ್ದವಂತೆ. 2024ರ ಸೆಪ್ಟೆಂಬರ್‌ನಲ್ಲಿ ಆ ಕೆಲಸ ನೋಡುತ್ತಿದ್ದವರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದವರು ಕಾಗದ ತೆಗೆದುಕೊಂಡು ಫೈಲಿಗೆ ಹಾಕುತ್ತಿದ್ದರು, ಕಂಪ್ಯೂಟರಿಗೆ ಏರಿಸುತ್ತಿರಲಿಲ್ಲ. ಅಷ್ಟೇ ನಡೆದದ್ದು. ಮಾರ್ಚ್‌ದು ಫೈಲಿನಲ್ಲೂ ಇರಲಿಲ್ಲ. ಆ ತಿಂಗಳ 750 ನಾನು ಬಿಟ್ಟುಕೊಟ್ಟೆ. ಆದರೆ ಅದರ ಜಿಎಸ್‌ಟಿ 135 ಮಾತ್ರ ಬಿಡಲಿಲ್ಲ, ಅದನ್ನು ಅವರು ತೆಗೆದುಕೊಳ್ಳುವಂತೆಯೇ ಇರಲಿಲ್ಲ. ಡೀಲರ್‌ಗೆ ಕೊಟ್ಟ 236ಕ್ಕೆ ಅವರು ಒಪ್ಪಲಿಲ್ಲ. ಅದಕ್ಕಾಗಿ ಇನ್ನೂ ಎಳೆದಾಡುವ ಶಕ್ತಿ ನನಗಿರಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ ನನ್ನ ಓಡಿ ಖಾತೆಗೆ 8,263 ರೂಪಾಯಿ ಜಮಾ ಆಯಿತು. ಎಂಟು ತಿಂಗಳ 7,080, ಆ 135, ಬಡ್ಡಿ 458, ಚೆಕ್ಕಿನ 590. ನಾನು ಹಾಳೆಯಲ್ಲಿ ಬರೆದು ಕೂಡಿ ನೋಡಿದೆ, ಪೈಸೆಗೆ ಪೈಸೆ ಸರಿ ಇತ್ತು. ಡೀಲರ್‌ಗೆ ಫೋನ್ ಮಾಡಿ, ಆವತ್ತಿನ ಚೆಕ್ಕಿನ ವಿಷಯದಲ್ಲಿ ತಪ್ಪು ನನ್ನದಲ್ಲ ಅಂತ ಬ್ಯಾಂಕ್ ಒಪ್ಪಿಕೊಂಡಿತು ಅಂದೆ. "ನಿಮ್ಮ ಮೇಲೆ ನಮಗೆ ಯಾವತ್ತಿದ್ರೂ ನಂಬಿಕೆ ಇದೆ ಮೇಡಂ" ಅಂದರು. ಆ ಮಾತು ಕೇಳುವುದಕ್ಕೇ ನಾನು ಮೂರು ತಿಂಗಳು ಓಡಾಡಿದ್ದೆ ಅನ್ನಿಸಿತು.

ಈ ವಿಷಯ ನಮ್ಮ ಸಾಲಿನಲ್ಲಿ ಹೇಗೋ ಹಬ್ಬಿತು. ಅಂಗಡಿ ಎದುರು ಹೂವು ಮಾರುವ ಅಕ್ಕ ಒಂದು ಮಧ್ಯಾಹ್ನ ಪಾಸ್‌ಬುಕ್ ಹಿಡಿದು ಬಂದರು. ಅವರದ್ದು ಉಳಿತಾಯ ಖಾತೆ, ಬೇರೆ ಬ್ಯಾಂಕು. ಎರಡು ವರ್ಷ ಅದರಲ್ಲಿ ದುಡ್ಡೇ ಹಾಕಿರಲಿಲ್ಲ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಚಾರ್ಜ್ ಹಾಕುತ್ತಾ ಹಾಕುತ್ತಾ ಖಾತೆ ಮೈನಸ್ 640ಕ್ಕೆ ಇಳಿದಿತ್ತು. ಇನ್ನು ದುಡ್ಡು ಹಾಕಿದರೆ ಮೊದಲು ಅದೇ ಮುರಿದುಹೋಗುತ್ತದೆ ಅಂತ ಅವರು ಬ್ಯಾಂಕಿನ ಕಡೆ ಹೋಗುವುದನ್ನೇ ಬಿಟ್ಟಿದ್ದರು. "ಸಾಲ ಮಾಡದಿದ್ರೂ ಸಾಲಗಾರಳಾಗಿದೀನಿ ನೋಡವ್ವ" ಅಂದರು. ಹೊಟ್ಟೆಯಲ್ಲಿ ಸಂಕಟವಾಯಿತು.

ಇದಕ್ಕೂ ರಿಸರ್ವ್ ಬ್ಯಾಂಕಿನ ನಿಯಮ ಇದೆ. 2014ರ ನವೆಂಬರ್ 20ರ ಸುತ್ತೋಲೆ, 2015ರ ಏಪ್ರಿಲ್ 1ರಿಂದ ಜಾರಿ. ಬ್ಯಾಲೆನ್ಸ್ ಕಮ್ಮಿಯಾದರೆ ಮೊದಲು ಗ್ರಾಹಕರಿಗೆ ತಿಳಿಸಬೇಕು, ಸರಿಮಾಡಿಕೊಳ್ಳಲು ಒಂದು ತಿಂಗಳು ಬಿಡಬೇಕು. ಎಷ್ಟು ಕಮ್ಮಿ ಇದೆಯೋ ಅದರ ಲೆಕ್ಕದಲ್ಲಿ ಚಾರ್ಜ್ ಇರಬೇಕು. ಮುಖ್ಯವಾಗಿ, ಬರೀ ಈ ಚಾರ್ಜ್‌ನಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಹೋಗಬಾರದು. ಅಕ್ಕನ ಹೆಸರಲ್ಲಿ ನಾನೇ ಅರ್ಧ ಪುಟ ಬರೆದುಕೊಟ್ಟೆ, ಅವರು ಹೆಬ್ಬೆಟ್ಟು ಒತ್ತಿದರು. ಇಬ್ಬರೂ ಒಟ್ಟಿಗೆ ಹೋಗಿ ಕೊಟ್ಟು ಬಂದೆವು. ಒಂದೇ ವಾರದಲ್ಲಿ ಮೈನಸ್ ತೆಗೆದು ಸೊನ್ನೆ ಮಾಡಿದರು. ಕೇಳಿಕೊಂಡ ಮೇಲೆ ಅದನ್ನು ಬೇಸಿಕ್ ಉಳಿತಾಯ ಖಾತೆಗೆ ಬದಲಾಯಿಸಿಯೂ ಕೊಟ್ಟರು. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಗೊಡವೆಯೇ ಇಲ್ಲ. ಈಗ ಅಕ್ಕ ಶುಕ್ರವಾರದ ವ್ಯಾಪಾರದ ದುಡ್ಡಲ್ಲಿ ಇನ್ನೂರು ಮುನ್ನೂರು ಅದರಲ್ಲೇ ಹಾಕುತ್ತಿದ್ದಾರೆ.

ಓಡಿ ರಿನ್ಯೂವಲ್ ಏನಾಯಿತು ಅಂತ ಕೇಳುವವರಿಗೆ: ಅಕ್ಟೋಬರ್‌ನಲ್ಲಿ ಆಯಿತು. ಕೇಳಿದ ಕಾಗದ ಕೊಟ್ಟೆ, ಯಾವತ್ತಿನಷ್ಟೇ ದಿನ ಹಿಡಿಯಿತು. ನಮ್ಮ ಮನೆಯವರಿಗೆ ಈಗ ಆ ಭಯ ಇಲ್ಲ.

ಅದೇ ತಿಂಗಳು 9ನೇ ತಾರೀಕು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಲು ಹೋಗಿದ್ದೆ. ಲೋನ್ ಕೌಂಟರ್‌ನ ಅದೇ ಹುಡುಗ. ನಾನು ಹೇಳುವ ಮೊದಲೇ ಕಾಗದ ನೋಡಿ ಕಂಪ್ಯೂಟರಿಗೆ ಏರಿಸಿದ. ಪರದೆಯನ್ನು ನನ್ನ ಕಡೆ ತಿರುಗಿಸಿ, "ಬಂತು ನೋಡ್ರಿ ಮೇಡಂ" ಅಂದ. ನೋಡಿದೆ. ಆಮೇಲೆ ಚೀಲದಿಂದ ಎರಡನೇ ಪ್ರತಿ ತೆಗೆದು ಅವನ ಮುಂದಿಟ್ಟೆ. ಸೀಲು ಒತ್ತಿ, ತಾರೀಕು ಬರೆದು ಕೊಟ್ಟ.